ನೆತ್ತಿಗೆ ಔಡಲೆಣ್ಣೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ದವಾಖಾನೆಯಲ್ಲಿ ನರ್ಸ್, ಊರವರ ಮಾತಿನಲ್ಲಿ ‘ಬಾಯಾರು’. ಇಳಕಲ್ಲಿನ ಕಲ್ಲುಗಣಿಗಳಿಗೆ ಆಂಧ್ರದ ಕಡೆಯಿಂದ ದುಡಿಯಲು ಬಂದವರ ಗುಡಿಸಲುಗಳು ನನ್ನ ಪಾಲಿಗೆ ಬಂದಿದ್ದವು. ಪ್ರತಿ ಸೋಮವಾರ ಬಸ್ಸಿಳಿದು ಔಷಧದ ಚೀಲ ಹೊತ್ತು ನಡೆಯುವುದು. ಕೂಸುಗಳಿಗೆ ಒಂದು ಸೂಜಿ ಹಾಕಿ ಎರಡನೆಯದಕ್ಕೆ ಹೋದರೆ ಗುಡಿಸಲುಗಳೇ ಇರುತ್ತಿರಲಿಲ್ಲ. ಗುತ್ತಿಗೆದಾರ ಬೇರೆ ಗಣಿಗೆ ಎಬ್ಬಿಸಿಕೊಂಡು ಹೋಗಿರುತ್ತಿದ್ದ. ಮತ್ತೆ ಹೊಸಬರು, ಮತ್ತೆ ಮೊದಲಿನಿಂದ. ಬರಬರುತ್ತ ನನಗೆ ಮುಖಗಳು ಕಾಣುವುದೇ ನಿಂತುಹೋಯಿತು, ಬರೀ ತೋಳುಗಳು. ಕೂಸು ಅತ್ತರೆ ಸಿಟ್ಟು ಬರುತ್ತಿತ್ತು. ಸತ್ತರೆ ಏನೂ ಅನಿಸುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿತ್ತು.

ನಾನು ಬಾಡಿಗೆಗಿದ್ದ ಮನೆಯ ಒಡತಿ ಕೆಟ್ಟವಳಲ್ಲ. ಆದರೆ ಬಾಣಂತಿಯರನ್ನು ಮುಟ್ಟಿ ಬಂದವಳು ಮುಂಬಾಗಿಲಿಂದ ಬರುವಂತಿರಲಿಲ್ಲ. “ಬಾಯಾರ, ಹಿತ್ತಲ ಕಡೆ ಬರ್ರಿ. ಮೈ ತೊಳಕೊಂಡ ಒಳಗ ಬರ್ರಿ,” ಎಂದು ಬಿಸಿನೀರಿನ ಬಕೆಟ್ಟನ್ನು ದೂರದಿಂದಲೇ ಸರಿಸುತ್ತಿದ್ದಳು. ದಿನವಿಡೀ ಕಂಡವರ ಮೈ ಮುಟ್ಟುವ ನನ್ನನ್ನು ಮುಟ್ಟುವವರು ಒಬ್ಬರೂ ಇರಲಿಲ್ಲ. ಸುಡುಗಾಡು ನೌಕರಿ! ಮಂಗಳವಾರ ಡಾಕ್ಟರರಿಗೆ ಹೇಳಿ ಬಿಟ್ಟೇಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಅದರ ಹಿಂದಿನ ದಿನ, ಸೋಮವಾರ, ಒಂದು ಗುಡಿಸಲಲ್ಲಿ ಹೆರಿಗೆ ಮಾಡಿಸಿದೆ. ಹೆಣ್ಣು ಕೂಸು. ಬಾಣಂತಿಯ ಅತ್ತೆ, ಗಣಿಯಿಂದ ಗಣಿಗೆ ತಿರುಗಿ ನಮ್ಮ ಕಡೆಯ ಮಾತು ಕಲಿತಿದ್ದ ಹಣ್ಣು ಮುದುಕಿ, ಸೊಸೆಯ ಕೈಕಾಲಿಗೆ ಔಡಲೆಣ್ಣೆ ತಿಕ್ಕಿದಳು. ಹೊರಟು ನಿಂತ ನನ್ನ ತಲೆಯ ಮೇಲೆ ಕೈಯಿಟ್ಟು ನೋಡಿದಳು.

“ಕೂಡ್ರು ಮಗಳ. ಎಣ್ಣಿ ಇನ್ನೂ ಐತಿ.”

“ನನಗ್ಯಾಕ ಬೇ? ಬಸ್ ತಪ್ಪತೈತಿ.”

“ತಪ್ಪಲಿ ಬಿಡು. ನೆತ್ತಿ ಕಾದ ಹಂಚ ಆಗೇತಿ.”

ಕೂತೆ. ಕಲ್ಲು ಹೊತ್ತು ಒರಟಾದ ಅಂಗೈ. ಕೂದಲು ಸಿಕ್ಕಿ ಚುರ್ರೆನ್ನುತ್ತಿತ್ತು. ಅವ್ವ ಸತ್ತ ಮೇಲೆ ನನ್ನ ತಲೆಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ಅಳು ಒತ್ತರಿಸಿ ಬಂತು.

“ಕಣ್ಣಾಗ ಎಣ್ಣಿ ಹೋತೇನು?”

“ಹೂಂ ಬೇ.”

ಮುದುಕಿ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. “ಇವತ್ತ ಹೊತ್ತಾತು. ಬರೋ ಸೋಮವಾರ ಬಾ, ತಲಿಗೆ ನಾನ ನೀರ ಎರಿತೇನಿ.”

ಮಂಗಳವಾರ ಡಾಕ್ಟರರ ಮುಂದೆ ಹೋಗಲೇ ಇಲ್ಲ. ತಲೆಯನ್ನೂ ತೊಳೆಯಲಿಲ್ಲ. “ಏನ್ರಿ ಬಾಯಾರ, ಇದೇನ ವಾಸನಿ!” ಎಂದು ಮನೆಯೊಡತಿ ಮೂಗು ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ! ಸೋಮವಾರ ಸೂಜಿಗಳ ಪಕ್ಕದಲ್ಲೇ ಸೀಗೆಕಾಯಿ ಪುಡಿಯ ಪೊಟ್ಟಣ ಇಟ್ಟುಕೊಂಡು ಹೊರಟೆ.

ಗುಡಿಸಲುಗಳಿರಲಿಲ್ಲ. ಒಲೆಯ ಕಲ್ಲುಗಳಿದ್ದವು, ಬೂದಿಯಿತ್ತು. ಅಲ್ಲಿದ್ದ ಕಾವಲುಗಾರ, “ಬಾದಾಮಿ ಕಡೆ ಹೋದ್ರೋ ಏನೋ, ಯಾರಿಗ್ಗೊತ್ತರಿ,” ಎಂದ.

ಮನೆಗೆ ಬಂದು ಹಿತ್ತಲಲ್ಲಿ ಕೂತು ನಾನೇ ಎರೆದುಕೊಂಡೆ. ಎಣ್ಣೆ ಬೇಗ ಬಿಡಲಿಲ್ಲ.

ನೌಕರಿಯನ್ನು ನಿವೃತ್ತಿಯವರೆಗೂ ಬಿಡಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ. ಹೊಸ ಗುಡಿಸಲುಗಳು ಎದ್ದಾಗಲೆಲ್ಲ ಕೂಸುಗಳ ತೋಳಿಗಿಂತ ಮೊದಲು ಮುದುಕಿಯರ ಮುಖ ನೋಡುತ್ತಿದ್ದೆ. ಅವಳು ಸಿಗಲಿಲ್ಲ. ಈಗಲೂ ಸೋಮವಾರ ತಲೆಗೆ ನಾನೇ ಎರೆದುಕೊಳ್ಳುತ್ತೇನೆ; ಬೆನ್ನಿಗೆ ಮಾತ್ರ ಕೈ ಎಟುಕುವುದಿಲ್ಲ.