ಎರಡು ಮಾತ್ರೆಯ ಗುರು

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಪದ್ಯ ಬರೆದು ಲಘು, ಗುರು ಎಂದು ಗುರುತು ಹಾಕಿದವಳು. ತಂತಿ ಕಳಿಸುವ ಮೋರ್ಸ್ ಸಂಕೇತದ ಪಟ್ಟಿ ಮೊದಲ ಸಲ ಕಣ್ಣಿಗೆ ಬಿದ್ದಾಗ ನಗು ಬಂತು. ಚುಕ್ಕೆ ಲಘು, ಗೀಟು ಗುರು. ಇಷ್ಟೇ ತಾನೇ, ಇದು ನಮ್ಮ ಮನೆಯ ವಿದ್ಯೆಯೇ ಎಂದುಕೊಂಡೆ. ಆ ಜಂಬಕ್ಕೆ ಆಮೇಲೆ ಸರಿಯಾದ ಪೆಟ್ಟು ಬಿತ್ತು.

ಕಲಿಸಿದವರು ಶಂಕರಪುರಂನ ಒಬ್ಬ ಹಿರಿಯರು, ತಂತಿ ಕಚೇರಿಯಿಂದ ನಿವೃತ್ತರಾದವರು. ಅವರ ಮಹಡಿಯ ಕೋಣೆಯಲ್ಲಿ ಹವ್ಯಾಸಿ ರೇಡಿಯೊ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಡಬ್ಬಿ ಕೊಡುಬಳೆ ಹಿಡಿದು ಹೋಗುತ್ತಿದ್ದೆ, ಗುರುದಕ್ಷಿಣೆ ಅನ್ನಿ. ಅವರು ಕೀ ಒತ್ತಿ ಕಳಿಸಿದ್ದನ್ನು ನಾನು ಬರೆದುಕೊಳ್ಳುವುದು, ಆಮೇಲೆ ನಾನು ಒತ್ತುವುದು, ಅವರು ಕಣ್ಣು ಮುಚ್ಚಿ ಕೇಳುವುದು. "ಭೇಷ್! ಚೆನ್ನಾಗಿ ಬರ್ತಿದೆ ಕಣಮ್ಮ" ಎನ್ನುತ್ತಿದ್ದರು. ಎರಡು ವರ್ಷ ಬೇರೆ ಮಾತೇ ಬರಲಿಲ್ಲ.

ನನಗೆ ರೇಡಿಯೊ ಲೈಸೆನ್ಸ್ ಬೇಕಿತ್ತು. ನಾನು ಒತ್ತಿದ್ದು ಎಲ್ಲೋ ದೂರದ ಒಬ್ಬರ ಕಿವಿಗೆ ಬೀಳಬೇಕಿತ್ತು. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಎಂದ ಮನೆಯವರಿಗೆ ತೋರಿಸಬೇಕಿತ್ತು.

ಪರೀಕ್ಷೆಯಲ್ಲಿ ಕೇಳಿ ಬರೆದದ್ದರಲ್ಲಿ ಒಂದು ತಪ್ಪೂ ಇಲ್ಲ. ಕಳಿಸುವುದರಲ್ಲಿ ಫೇಲ್. ಪರೀಕ್ಷಕರು ಒಳ್ಳೆಯವರು, ಕಾರಣ ಹೇಳಿದರು.

"ಮೇಡಂ, ನಿಮ್ಮ ಗೀಟು ಗಿಡ್ಡ. ಮೂರು ಚುಕ್ಕೆಯಷ್ಟು ಉದ್ದ ಇರ್ಬೇಕು, ನಿಮ್ದು ಎರಡೇ. ಕಲಿಸಿದೋರು ಹೇಳ್ಲಿಲ್ವಾ?"

ಎರಡು! ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇ ನನ್ನ ಬೆರಳಿಗೂ ಹತ್ತಿತ್ತು. ವಾರವೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಬೆರಳು ತಟ್ಟಿ ಮೂರು ಮಾತ್ರೆ ರೂಢಿಸಿಕೊಂಡೆ. ಪಾಪ, ಕಲಿಸಿದವರಿಗೂ ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಭಾನುವಾರ ಎಂದಿನಂತೆ ಡಬ್ಬಿ ಹಿಡಿದು ಹೋದೆ. ಅವರು ರೇಡಿಯೊದಲ್ಲಿ ಗೆಳೆಯರೊಬ್ಬರ ಜೊತೆ ಮೋರ್ಸ್‌ನಲ್ಲಿ ಹರಟುತ್ತಿದ್ದರು. ಫೇಲಾದೆ ಎಂದೆ. "ಅಯ್ಯೋ, ಹೋಗ್ಲಿ ಬಿಡಮ್ಮ" ಎಂದು ಕೊಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ಮತ್ತೆ ಕೀ ಒತ್ತತೊಡಗಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ನನಗೆ ಕಲಿಸುವಾಗಿನ ಎರಡರಷ್ಟು ವೇಗ. ಇವಳಿಗೆ ತಿಳಿಯುವುದಿಲ್ಲ ಎಂಬ ಧೈರ್ಯ.

ಒಂದಕ್ಷರ ಬಿಡದೆ ತಿಳಿಯಿತು.

"ಮೇಡಂ ಫೇಲು. ಕೈ ಮೊದಲಿಂದ್ಲೂ ಕುಂಟು. ತಿದ್ದಿ ಏನ್ ಮಾಡೋದು, ಹೆಂಗಸ್ರ ಶೋಕಿ. ಕೊಡುಬಳೆ ಮಾತ್ರ ಫಸ್ಟ್ ಕ್ಲಾಸ್."

ಮೈಯೆಲ್ಲ ಉರಿಯಿತು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಈ ಮನುಷ್ಯ ಎಣಿಸಿದ್ದಲ್ಲದೆ ಊರಿಗೆಲ್ಲ ತಂತಿ ಹೊಡೆದಿದ್ದರು. ಎಂಥ ದಡ್ಡ ಹುಡುಗನ ಪುಸ್ತಕವನ್ನೂ ನಾನು ಕೆಂಪು ಶಾಯಿ ಹಾಕದೆ ಬಿಟ್ಟವಳಲ್ಲ. ತಿದ್ದುವಷ್ಟು ಬೆಲೆಯೂ ನನಗೆ ಇಲ್ಲಿ ಇರಲಿಲ್ಲ.

ಅಭ್ಯಾಸಕ್ಕೆಂದು ಇಟ್ಟಿದ್ದ ಬಜರ್ ಎಳೆದುಕೊಂಡೆ. ಗುರುವಿಗೆ ಮೂರು ಮಾತ್ರೆ ಕೊಟ್ಟು ನಿಧಾನವಾಗಿ ಒತ್ತಿದೆ: "ಎಲ್ಲ ಕೇಳಿಸಿತು. ಇನ್ನು ಬರುವುದಿಲ್ಲ."

ಅವರು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೇಳಿದರು. ಮುಖ ಕಪ್ಪಿಟ್ಟಿತು. "ಈಗ ಸರಿಯಾಗಿ ಬಂತು ನೋಡಿ" ಎಂದರು.

ಎರಡು ವರ್ಷದಲ್ಲಿ ಅವರು ನನಗೆ ಹೇಳಿದ ಮೊದಲ ನಿಜ ಅದು. ಉಳಿದ ಕೊಡುಬಳೆ ಸಮೇತ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದೆ.