ಬಣ್ಣದ ಮಾವ ಮತ್ತು ಮೀನಿನ ನೀರು

ತೊಂಬತ್ತರ ದಶಕದ ಕೊನೆಯಲ್ಲಿ ಚಳ್ಳಕೆರೆಯ ಮನೆಯಲ್ಲಿ ಗಾಜಿನ ತೊಟ್ಟಿಯೊಂದರಲ್ಲಿ ಮೀನು ಸಾಕಿದ್ದೆ. ಪ್ರತಿ ಭಾನುವಾರ ನೀರನ್ನೆಲ್ಲ ಚೆಲ್ಲಿ, ಒಳಗಿನ ಕಲ್ಲುಗಳನ್ನು ಸೋಪಿನ ಪುಡಿ ಹಾಕಿ ಉಜ್ಜಿ, ಬೋರ್‌ವೆಲ್ಲಿನ ಹೊಸ ನೀರು ತುಂಬುತ್ತಿದ್ದೆ. ಸೋಮವಾರ ಬೆಳಿಗ್ಗೆ ಒಂದಾದರೂ ಮೀನು ಸತ್ತು ತೇಲುತ್ತಿತ್ತು. ಮೀನು ಮಾರುವವನು ರೋಗದ ಮೀನು ಕೊಟ್ಟನೆಂದು ನೇರವಾಗಿ ಅವನ ಅಂಗಡಿಗೇ ಹೋಗಿ ಜಗಳ ಆಡಿ ಬರುತ್ತಿದ್ದೆ.

ಒಂದು ಭಾನುವಾರ ಮೊಳಕಾಲ್ಮೂರಿನಿಂದ ನನ್ನ ಸೋದರಮಾವ ಬಂದರು. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ಜನ್ಮದಲ್ಲಿ ಮೀನು ಸಾಕಿದವರಲ್ಲ. ಮೀನು ಸಾಯುವುದನ್ನೂ ನಾನು ತೊಟ್ಟಿ ತೊಳೆಯುವ ರೀತಿಯನ್ನೂ ಕೇಳಿ, ನಮ್ಮ ಬೋರ್‌ವೆಲ್ಲಿನ ನೀರನ್ನು ಅಂಗೈಗೆ ಸುರಿದುಕೊಂಡು ಸೋಪು ತಿಕ್ಕಿದರು. ನೊರೆಯೇ ಏಳಲಿಲ್ಲ.

"ಗಡಸು ನೀರಿದು. ಇದ್ರಾಗೆ ನಾವು ನೂಲೂ ಅದ್ದಲ್ಲ. ಮೀನು ಹೆಂಗೋ ಒಗ್ಗಿಕೊಂಡಿರ್ತಾವೆ. ಅಂಥಾದ್ರಾಗೆ ವಾರ ವಾರ ಎಲ್ಲಾ ನೀರೂ ಬದಲಾಯಿಸಿದ್ರೆ ತಡ್ಕೊಳ್ತಾವೇನ್ಲೇ? ಕಾಲು ಭಾಗ ಮಾತ್ರ ತೆಗಿ. ಹಂಡೇಲಿ ಮಳೆ ನೀರು ಐತಲ್ಲ, ಅದನ್ನ ಬೆರೆಸಿ ಮೆಲ್ಲಗೆ ಹಾಕು. ಕಲ್ಲು ಮುಟ್ಟಬ್ಯಾಡ, ಸೋಪು ಅವಕ್ಕೆ ವಿಷ."

ಸೋಪು ತಿಕ್ಕಿದಷ್ಟರಲ್ಲೇ ಇಷ್ಟು ತಿಳಿಯಿತಲ್ಲ ಎಂದು ಬೆರಗಾಗಿ, "ನೀವೇ ಒಂದ್ಸಲ ಹಾಕಿ ತೋರಿಸಿ ಮಾವ" ಎಂದು ಚೊಂಬು ಕೊಟ್ಟೆ.

ಅವರು ತಮ್ಮ ಉಗುರುಗಳನ್ನು ನೋಡಿಕೊಂಡರು. ಎಷ್ಟು ತೊಳೆದರೂ ಹೋಗದ ನೀಲಿ ಅಲ್ಲಿತ್ತು. ಚೊಂಬನ್ನು ನನಗೇ ವಾಪಸ್ ಕೊಟ್ಟರು.

"ನನ್ ಕೈ ಬಣ್ಣದ್ದು. ಒಂದು ಹನಿ ಬಿದ್ರೂ ಪಾಪ ಅವಕ್ಕೆ ಕೇಡು. ನೀನೇ ಹಾಕು."

ಆ ಸೋಮವಾರ ಒಂದೂ ಮೀನು ಸಾಯಲಿಲ್ಲ. ಆಮೇಲೆ ಬಹಳ ದಿನ ನಾನು ಆ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದೆ.