ಅಲಸಂದಿ ಕಾಳಿನ ಮೂಲಸ್ಥಳ

ಬೈಲಹೊಂಗಲದ ಒಂದು ಬಾಡಿಗೆ ಕಚೇರಿಯಲ್ಲಿ ನಾನು ಕಾಳುಗಳ ಜಾತಕ ಬರೆಯುತ್ತಿದ್ದೆ. ನಗಬೇಡಿ, ಅದಕ್ಕೆ ಸಂಬಳ ಕೊಡುತ್ತಿದ್ದರು. ಹಳ್ಳಿ ಹಳ್ಳಿ ತಿರುಗಿ ಹೆಸರು, ಮಡಕಿ, ಅಲಸಂದಿಯ ಹಳೆಯ ತಳಿಗಳನ್ನು ತಂದು ದೂರದ ಪ್ರಯೋಗಾಲಯಕ್ಕೆ ಕಳಿಸುವುದು ನಮ್ಮ ಕೆಲಸ. ಅಲ್ಲಿಯವರು ಕಾಳಿನ ಡಿಎನ್ಎ ಓದಿ, ಜಗತ್ತಿನ ಸಂಶೋಧಕರೆಲ್ಲ ನೋಡಲೆಂದು ಕಂಪ್ಯೂಟರಿಗೆ ಏರಿಸುತ್ತಿದ್ದರು. ಕಾಳಿನ ಹೆಸರೇನು, ಯಾರ ಮನೆಯದು, ಮೂಲಸ್ಥಳ ಯಾವುದು ಎಂಬ ಕಾಲಂ ತುಂಬುವುದು ನನ್ನ ಪಾಲಿಗೆ ಬಂದಿತ್ತು. ಆ ಮೂಲಸ್ಥಳದ ಹಾಳು ಕಾಲಮ್ಮೇ ನನ್ನ ತಲೆ ತಿಂದದ್ದು.

ನೇಸರಗಿಯ ಒಬ್ಬ ಅಜ್ಜಿಯ ಮನೆಯಲ್ಲಿ ಅಪರೂಪದ ಅಲಸಂದಿ ಸಿಕ್ಕಿತು. ಕೆಂಪು ಕಾಳು, ಬೆನ್ನ ಮೇಲೆ ಬಿಳಿ ಮಚ್ಚೆ. ಬಿತ್ತಲೆಂದೇ ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟಿದ್ದಳು. ಪ್ರಯೋಗಾಲಯದವರು ಫಾರ್ಮಿನಲ್ಲಿ ಕೇಳಿದ್ದ ತೂಕಕ್ಕೆ ಇಡೀ ಗಡಿಗೆಯೇ ಬೇಕಾಗುತ್ತಿತ್ತು. ಬುದ್ಧಿಗೇಡಿ ನಾನು, ಗಡಿಗೆ ಬೋರಲು ಹಾಕಿಸಿಕೊಂಡೆ.

"ಒಯ್ಯವ್ವ, ಬೀಜಾ ಕೇಳಿದವರಿಗೆ ಇಲ್ಲ ಅನಬಾರದು," ಎಂದಳು ಅಜ್ಜಿ. "ಬಿತ್ತೂದ್ರೊಳಗ ತಿರುಗಿ ತಂದು ಕೊಡು, ಅಷ್ಟ."

"ಕೊಡತೇನಿ ಅಜ್ಜಿ," ಎಂದೆ, ಹಿಂದೆಮುಂದೆ ನೋಡದೆ.

ಹೆಸರು ಕೇಳಿದ್ದಕ್ಕೆ, "ಇದು ಯರಗಟ್ಟಿ ಅಲಸಂದಿ. ನಮ್ಮತ್ತಿ ಯರಗಟ್ಟಿಯಾಕಿ, ತವರಿಂದ ಉಡ್ಯಾಗ ತಂದಿದ್ಲು," ಎಂದಳು. ನಮ್ಮ ಕಡೆ ಬೀಜ ಮನೆಗೆ ಬರುವುದೇ ಹಾಗೆ, ಹೆಂಗಸರ ಸೆರಗಿನ ಉಡಿಯಲ್ಲಿ. ತಂದವಳ ಊರಿನ ಹೆಸರೇ ಕಾಳಿಗೂ ಅಂಟಿಕೊಳ್ಳುತ್ತದೆ.

"ಹಂಗಾರ ಮೂಲಸ್ಥಳ ಯರಗಟ್ಟಿ. ಹೋಗಿ ಖಾತ್ರಿ ಮಾಡ್ಕೊಂಡು ಬರ್ರಿ," ಎಂದರು ನಮ್ಮ ಸಾಹೇಬರು.

ಹೋದೆ. ಯರಗಟ್ಟಿಯಲ್ಲಿ ಅದೇ ಕಾಳಿಗೆ ಉಗರಗೋಳದ ಅಲಸಂದಿ ಎನ್ನುತ್ತಿದ್ದರು. ಉಗರಗೋಳದಲ್ಲಿ ಬಳೆ ಮಾರುವ ಹೆಂಗಸೊಬ್ಬಳು ಅಂಗಡಿಯನ್ನು ಗಿರಾಕಿಗಳ ಕೈಗೇ ಬಿಟ್ಟು ಮನೆಗೆ ಕರೆದೊಯ್ದು ತೋರಿಸಿದಳು. ಅದು ರಾಮದುರ್ಗದ ಅಲಸಂದಿಯಂತೆ. ರಾಮದುರ್ಗದಲ್ಲಿ ಒಬ್ಬ ಮನೆಯೊಡತಿ ಡಬ್ಬಿಯ ಮುಚ್ಚಳ ತೆಗೆದು ಹೆಮ್ಮೆಯಿಂದ ಹೇಳಿದಳು: "ಇದು ಅಸಲ್ ನೇಸರಗಿ ಅಲಸಂದಿ ನೋಡ್ರಿ. ನಮ್ಮಜ್ಜಿ ತಂದದ್ದು."

ನಾನು ಕಟ್ಟೆಯ ಮೇಲೆ ಕುಸಿದು ಕುಳಿತು ಒಂದು ತಂಬಿಗೆ ನೀರು ಕೇಳಿದೆ. ನಾಲ್ಕು ಬಸ್ಸು ಹತ್ತಿ ಇಳಿದು, ಹೊರಟಲ್ಲಿಗೇ ಬಂದು ನಿಂತಿದ್ದೆ.

ಈ ಮೂರೂ ಮನೆಗಳಿಂದ ಒಂದೊಂದೇ ಹಿಡಿ ಕಾಳು ತಂದೆ. ಡಿಎನ್ಎ ಓದಲು ಅಷ್ಟು ಧಾರಾಳವಾಯಿತು. ಅಜ್ಜಿಯ ಗಡಿಗೆಯ ಕಾಳು ಮಾತ್ರ ಅಷ್ಟೂ ಆಗಲೇ ಪ್ರಯೋಗಾಲಯದ ತಂಪುಕೋಣೆ ಸೇರಿತ್ತು.

"ಕಂಪ್ಯೂಟರ್ ಹಿಂಗ ಗುಂಡಗ ತಿರಗೂದು ಒಪ್ಪೂದಿಲ್ರಿ. ಯಾವುದರ ಒಂದು ಊರು ಹಾಕ್ರಿ," ಎಂದರು ಸಾಹೇಬರು. ನೇಸರಗಿ ಎಂದು ಹಾಕಿದೆ. ವರದಿ ಬಂತು: ನಾಲ್ಕೂ ಒಂದೇ ಕಾಳು. ನೇಸರಗಿಯದನ್ನು ಉಳಿಸಿ, ಉಳಿದ ಮೂರು ನಕಲು ಸಾಲುಗಳನ್ನು ಅಳಿಸಬೇಕು.

ಅಳಿಸಬೇಕೆನ್ನುವ ದಿನವೇ ಅಜ್ಜಿ ಕಚೇರಿಗೆ ಬಂದಳು. ನೇಸರಗಿಯಿಂದ ಬಸ್ಸಿನಲ್ಲಿ, ಖಾಲಿ ಗಡಿಗೆ ಹೊತ್ತು. ಅದನ್ನು ನನ್ನ ಕೀಬೋರ್ಡಿನ ಪಕ್ಕದಲ್ಲೇ ಇಟ್ಟಳು.

"ರೋಹಿಣಿ ಮಳಿ ಆಗೇತಿ. ನಾಡದು ಬಿತ್ತೂದೈತಿ. ಎಲ್ಲೈತವ್ವ ನನ್ನ ಕಾಳು?"

ಸಾಹೇಬರು ಅಲ್ಲೇ ಪ್ರಯೋಗಾಲಯಕ್ಕೆ ಫೋನು ಹಚ್ಚಿದರು. ಕಾಳು ಸುರಕ್ಷಿತವಾಗಿದೆಯಂತೆ. ಆದರೆ ನೋಂದಾಯಿತ ಸಂಶೋಧನಾ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರಂತೆ. ಅಜ್ಜಿ ನೋಂದಾಯಿತ ಸಂಸ್ಥೆಯಲ್ಲ. ಕಾಳಿನ ಮಾಹಿತಿಯನ್ನು ಮಾತ್ರ ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದಂತೆ.

"ಅಜ್ಜಿಗೆ ಲಿಂಕ್ ಕಳಸ್ರಿ," ಎಂದರು ಸಾಹೇಬರು. ಚೇಷ್ಟೆಗಲ್ಲ, ಖರೇನೇ ಹೇಳಿದರು.

ಅಜ್ಜಿಯದು ಗುಂಡಿ ಒತ್ತುವ ಫೋನು. ಹಾಗಾಗಿ ಎ, ಟಿ, ಜಿ, ಸಿ ಅಕ್ಷರಗಳೇ ತುಂಬಿದ್ದ ಹಾಳೆಗಳನ್ನು ಪ್ರಿಂಟ್ ತೆಗೆದು, ಸುರುಳಿ ಸುತ್ತಿ ಗಡಿಗೆಯಲ್ಲಿಟ್ಟೆವು. ನಾನೇ ಇಟ್ಟೆ. ಈಗ ನೆನೆದರೂ ಮೈ ಉರಿಯುತ್ತದೆ.

ಅಜ್ಜಿ ಒಂದು ಹಾಳೆ ಎಳೆದು ನೋಡಿದಳು. "ಇದನ್ನ ಬಿತ್ತಿದ್ರ ಬಳ್ಳಿ ಹಬ್ಬತೈತೇನು?"

"ಇಲ್ಲಜ್ಜಿ."

"ದನಾ ಆದ್ರೂ ತಿಂತಾವೇನು?"

ಸಾಹೇಬರು ಫ್ಯಾನಿನ ಕಡೆ ನೋಡಿದರು. ಅಜ್ಜಿ ಬಯ್ಯಲಿಲ್ಲ. ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟು ಎದ್ದಳು. "ನಮ್ಮತ್ತಿ ಸಾಯೂ ಮುಂದ ಗಡಿಗಿ ಖಾಲಿ ಬಿಡಬ್ಯಾಡ ಅಂದಿದ್ಲು," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಗಡಿಗೆಯನ್ನು ಅಲ್ಲೇ ಬಿಟ್ಟು ಹೋದಳು. ನನಗೆ ನಾಚಿಕೆಯಿಂದ ಅಳುವೇ ಬಂತು.

ಕಣ್ಣೊರೆಸಿಕೊಂಡು ನಕಲು ಸಾಲುಗಳನ್ನು ಅಳಿಸಲು ಕೂತೆ. ಮೊದಲ ಸಾಲಿಗೆ ಕೈ ಹಚ್ಚಿದವಳು ತಟ್ಟನೆ ತಡೆದೆ. ಅಯ್ಯ ನನ್ನ ಮಂಗಬುದ್ಧಿಯೇ! ನಾಲ್ಕೂ ಒಂದೇ ಕಾಳು ಎಂದರೆ ಅಜ್ಜಿಯ ಕಾಳು ಇನ್ನೂ ಮೂರು ಮನೆಗಳಲ್ಲಿದೆ. ಆ ಸಾಲುಗಳಲ್ಲಿದ್ದ ನಂಬರುಗಳಿಗೆ ಫೋನು ಮಾಡಿದೆ. ಯರಗಟ್ಟಿಯವರೂ ಉಗರಗೋಳದವರೂ ಬಿತ್ತಿ ಮುಗಿಸಿದ್ದರು. ರಾಮದುರ್ಗದಾಕೆಯ ಡಬ್ಬಿ ಮಾತ್ರ ತುಂಬಿತ್ತು. ಮರುದಿನ ಮೊದಲ ಬಸ್ಸು ಹಿಡಿದೆ.

ನಾನು ಚೀಲ ಚಾಚಿದ್ದಕ್ಕೆ ಆಕೆ ಗದರಿಸಿದಳು. "ಪ್ಲಾಸ್ಟಿಕ್ಕಿನ್ಯಾಗ ಯಾರರ ಬೀಜಾ ಒಯ್ತಾರೇನ್ರಿ? ಉಡಿ ಒಡ್ಡ್ರಿ." ನಾನು ಚೂಡಿದಾರದಲ್ಲಿದ್ದೆ. ವೇಲನ್ನೇ ಒಡ್ಡಿದೆ. ಹಣೆಗೆ ಕುಂಕುಮವಿಟ್ಟು ಡಬ್ಬಿಯ ಅರ್ಧ ಸುರಿದಳು. ಅದನ್ನು ಗಂಟು ಕಟ್ಟಿ ಹೊಟ್ಟೆಗೆ ಅವಚಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, "ಅಕ್ಕಾರ, ಆರಾಮ ಕುಂದರ್ರಿ," ಎಂದು ಮುಂದಿನ ಸೀಟಿನವರನ್ನು ಎಬ್ಬಿಸಿ ಜಾಗ ಕೊಡಿಸಿದ. ಬಸುರಿ ಎಂದುಕೊಂಡಿರಬೇಕು, ನಾನು ತಿದ್ದಲು ಹೋಗಲಿಲ್ಲ.

ಬೈಲಹೊಂಗಲದಲ್ಲಿ ಇಳಿದು ಗಡಿಗೆಯನ್ನೂ ಎತ್ತಿಕೊಂಡು ನೇಸರಗಿಗೆ ಹೋದೆ. ಅಜ್ಜಿ ನನ್ನ ಗಂಟು ಬಿಚ್ಚಿ, ಒಂದು ಕಾಳು ಕಡಿದು ನೋಡಿ, "ಚಲೋ ಐತಿ. ನಂದು ಇಷ್ಟು ಚಲೋ ಇರಲಿಲ್ಲ ಬಿಡು," ಎಂದಳು.

"ಅಜ್ಜಿ, ಇದು ನಿಮ್ಮದ ಕಾಳು! ಡಿಎನ್ಎ ಎಲ್ಲಾ ಒಂದ ಐತಿ. ಯರಗಟ್ಟಿ ಅಲಸಂದೀನ ಇದು!"

"ಸುಮ್ಮನಿರು. ತಂದಾಕಿ ನೀನು. ನಿನ್ನ ತವರು ಯಾವುದು?"

"ಕಿತ್ತೂರು."

ಅಜ್ಜಿ ಕಾಳಿಗೆ ಬೂದಿ ಬೆರೆಸಿ ಗಡಿಗೆಗೆ ಸುರಿದಳು. ಆಮೇಲೆ ಗೋಡೆಯಾಚೆಯ ನೆರೆಯವಳನ್ನು ಕೂಗಿದಳು. "ಏ, ಬಾರಽ, ಕಿತ್ತೂರ ಅಲಸಂದಿ ಬಂದೈತಿ. ನಿನಗೂ ಒಂದ ಹಿಡಿ ಒಯ್ಯಿ!"

ನಮ್ಮಪ್ಪ ಕಿತ್ತೂರಿನಲ್ಲಿ ಟೇಲರ್. ನಮಗೆ ಒಂದು ಗೇಣು ಹೊಲವಿಲ್ಲ. ಮರುವರ್ಷ ಆ ನೆರೆಯವಳ ಮನೆಯ ಕಾಳಿಗೆ ಫಾರ್ಮು ತುಂಬುವಾಗ ಮೂಲಸ್ಥಳದ ಕಾಲಮ್ಮಿನಲ್ಲಿ ಕಿತ್ತೂರು ಎಂದು ನಾನೇ ಬರೆದೆ.